ಒಂದೇ ಆ್ಯಂಟೆನಾ, ಎರಡು ಮೂರು ಟಿವಿ: ಸಿಗ್ನಲ್ ಹಂಚೋಕೆ ಯಾವ ದಾರಿ ಸರಿ?

ಗೋಪುರದಿಂದ ಗಾಳಿಯಲ್ಲಿ ಬರುವ ಟಿವಿ ಪ್ರಸಾರ ಹಿಡಿಯುವ ಆ್ಯಂಟೆನಾ (ಡಿಶ್ ಅಲ್ಲ) ಒಂದೇ ಇದೆ, ಟಿವಿ ಎರಡಾಯಿತು. ಅಥವಾ ಮೂರು. ಈಗ ಕೇಬಲ್ಲನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಿ ಹಂಚಲೇಬೇಕು. ಇಲ್ಲಿಂದ ಗೊಂದಲ ಶುರು. ಒಂದು ಕೇಬಲ್ಲಿನ ಸಿಗ್ನಲ್ಲನ್ನು ಹಲವು ಕೇಬಲ್ಲಿಗೆ ಹಂಚುವ ಸಣ್ಣ ಸ್ಪ್ಲಿಟರ್ ಸಾಕಾ, ಸಿಗ್ನಲ್ ಎತ್ತುವ ಬೂಸ್ಟರ್ ಇರುವ ಸ್ಪ್ಲಿಟರ್ ಬೇಕಾ, ಬೂಸ್ಟರನ್ನು ಆ್ಯಂಟೆನಾ ಹತ್ತಿರ ಕೂರಿಸಬೇಕಾ ಟಿವಿ ಹತ್ತಿರವಾ, ಇದೆಲ್ಲ ತಲೆನೋವೇ ಬೇಡ ಅಂತ ಇನ್ನೊಂದು ಆ್ಯಂಟೆನಾ ಹಾಕಿಬಿಡೋದಾ? ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಮಾತ್ರ ಒಂದೇ: ಹಂಚಿದರೆ ಚಿತ್ರ ಕೆಡುತ್ತದಾ?

ನೇರವಾಗಿ ಹೇಳುತ್ತೇನೆ. ಡಿಜಿಟಲ್ ಪ್ರಸಾರದಲ್ಲಿ ಸ್ಪ್ಲಿಟರ್ ಹಾಕಿದ ಮಾತ್ರಕ್ಕೆ ಚಿತ್ರ ಮಂಕಾಗುವುದಿಲ್ಲ, ಬಣ್ಣ ಮಾಸುವುದಿಲ್ಲ, ಎಚ್‌ಡಿ ಹೋಗಿ ಸಾದಾ ಆಗುವುದಿಲ್ಲ. ಹಳೇ ಅನಲಾಗ್ ಕಾಲದಲ್ಲಿ ಹಾಗೆ ಆಗುತ್ತಿತ್ತು. ಸಿಗ್ನಲ್ ಕಮ್ಮಿಯಾದಷ್ಟೂ ಪರದೆ ತುಂಬ ಚುಕ್ಕೆ, ಅದರ ಮೇಲೆ ನೆರಳು. ಡಿಜಿಟಲ್‌ನಲ್ಲಿ ಒಂದು ಗೆರೆ ಇದೆ. ಆ ಗೆರೆಯ ಮೇಲಿದ್ದರೆ ಚಿತ್ರ ಪೂರ್ತಿ ಚೊಕ್ಕ. ಗೆರೆಯ ಹತ್ತಿರ ಬಂದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಮಾತು ಅರ್ಧಕ್ಕೆ ಕಟ್ ಆಗುತ್ತದೆ. ಇನ್ನು ಸ್ವಲ್ಪ ಇಳಿದರೆ 'ಸಿಗ್ನಲ್ ಇಲ್ಲ', ಅಷ್ಟೇ. ನಡುವೆ 'ಸ್ವಲ್ಪ ಕೆಟ್ಟ ಚಿತ್ರ' ಅನ್ನುವುದು ಹೆಚ್ಚುಕಮ್ಮಿ ಇಲ್ಲವೇ ಇಲ್ಲ.

ಹಾಗಾಗಿ ಸ್ಪ್ಲಿಟರ್ ತಿನ್ನುವುದು ಚಿತ್ರವನ್ನಲ್ಲ, ಆ ಗೆರೆಗಿಂತ ಮೇಲೆ ನಿಮ್ಮ ಹತ್ತಿರ ಎಷ್ಟು ಮಿಗತೆ ಇದೆಯೋ ಅದನ್ನು. ಮಿಗತೆ ಜಾಸ್ತಿ ಇರುವವರಿಗೆ ಯಾವ ಸ್ಪ್ಲಿಟರ್ ಹಾಕಿದರೂ ಗೊತ್ತೇ ಆಗುವುದಿಲ್ಲ. ಮೊದಲೇ ಗೆರೆಯ ಅಂಚಿನಲ್ಲಿ ಇರುವವರಿಗೆ ಎಷ್ಟು ದುಬಾರಿ ಸ್ಪ್ಲಿಟರ್ ತಂದರೂ ಚಾನೆಲ್ ಹೋಗುತ್ತದೆ. ಒಬ್ಬರು 'ಏನೂ ಆಗಲಿಲ್ಲ, ಆರಾಮಾಗಿ ಹಾಕಿ' ಅನ್ನುವುದು, ಇನ್ನೊಬ್ಬರು 'ಸ್ಪ್ಲಿಟರ್ ಮಾತ್ರ ಬೇಡವೇ ಬೇಡ' ಅನ್ನುವುದು ಇದಕ್ಕೇ. ಇಬ್ಬರೂ ಹೇಳುತ್ತಿರುವುದು ನಿಜ, ಆದರೆ ನಿಮ್ಮ ಮನೆಯದ್ದಲ್ಲ.

ಆರಿಸುವ ಮುಂಚೆ ನೋಡಬೇಕಾದ್ದು

ಮೊದಲನೆಯದು ಮಿಗತೆ. ಎರಡನೆಯದು ಎಷ್ಟು ಟಿವಿ, ಮತ್ತು ಒಂದೊಂದಕ್ಕೂ ಎಷ್ಟು ಉದ್ದದ ಕೇಬಲ್ ಎಳೆಯಬೇಕು ಅನ್ನುವುದು. ಮೂರನೆಯದು ಎಲ್ಲ ಟಿವಿಯಲ್ಲೂ ಬೇರೆ ಬೇರೆ ಚಾನೆಲ್ ನೋಡಬೇಕಾ ಇಲ್ಲವಾ. ಆಮೇಲೆ ಖರ್ಚು, ಆ್ಯಂಟೆನಾ ಇರುವ ಜಾಗಕ್ಕೆ ಹತ್ತಿ ಕೆಲಸ ಮಾಡುವ ತ್ರಾಣ, ಗೋಡೆ ಕೊರೆಯಲು ಅನುಮತಿ ಇದೆಯಾ ಅನ್ನುವುದು. ಇವುಗಳಲ್ಲಿ ಜನ ಅಳೆಯದೇ ಬಿಡುವುದು ಮೊದಲನೆಯದನ್ನು. ಆದರೆ ತೀರ್ಮಾನದ ಮುಕ್ಕಾಲು ಪಾಲು ಅದರ ಮೇಲೇ ನಿಂತಿದೆ. ಅದಕ್ಕೆ ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಲೆಕ್ಕಕ್ಕೆ ಡೆಸಿಬಲ್, ಅಂದರೆ ಡಿಬಿ ಬೇಕು. ಹೆದರಬೇಡಿ, ಎರಡೇ ಅಂಕಿ ನೆನಪಿದ್ದರೆ ಸಾಕು: 3 ಡಿಬಿ ಹೋದರೆ ಸಿಗ್ನಲ್‌ನ ಶಕ್ತಿ ಅರ್ಧ, 10 ಡಿಬಿ ಹೋದರೆ ಹತ್ತನೇ ಒಂದು ಭಾಗ. ಎರಡು ದಾರಿಯ ಸ್ಪ್ಲಿಟರ್ ಸಿಗ್ನಲ್ಲನ್ನು ಎರಡು ಪಾಲು ಮಾಡುತ್ತದೆ. ಹಾಗಾಗಿ 3 ಡಿಬಿ ಹೋಗಲೇಬೇಕು, ಅದನ್ನು ಯಾವ ಕಂಪನಿಯೂ ತಪ್ಪಿಸಲು ಆಗುವುದಿಲ್ಲ. ಒಳಗಿನ ಸಣ್ಣಪುಟ್ಟ ನಷ್ಟ ಸೇರಿ ಡಬ್ಬಿಯ ಮೇಲೆ 3.5 ಅಂತ ಬರೆದಿರುತ್ತಾರೆ, ಯುಎಚ್‌ಎಫ್‌ನ (ಟಿವಿ ಪ್ರಸಾರದ ಹೆಚ್ಚಿನ ಆವರ್ತನದ ಪಟ್ಟಿ) ಮೇಲಿನ ಚಾನೆಲ್‌ಗಳಲ್ಲಿ ಅದು 4ರ ಆಸುಪಾಸು ಹೋಗುತ್ತದೆ. ನಾಲ್ಕು ದಾರಿಯದ್ದಾದರೆ 7ರಿಂದ 8. ಎಂಟು ದಾರಿಯದ್ದಾದರೆ 11ರ ಹತ್ತಿರ.

ಇದನ್ನು ಕೇಬಲ್ ಜೊತೆ ಹೋಲಿಸಿ ನೋಡಿ, ಆಗ ಅಂದಾಜು ಸಿಗುತ್ತದೆ. ಮನೆಗಳಲ್ಲಿ ಹಾಕುವ ಆರ್‌ಜಿ-6 ಕೇಬಲ್ಲಿನಲ್ಲಿ ಯುಎಚ್‌ಎಫ್ ಸಿಗ್ನಲ್ 10 ಮೀಟರಿಗೆ ಸುಮಾರು 2 ಡಿಬಿ ಕಳೆದುಕೊಳ್ಳುತ್ತದೆ. ಅಂದರೆ ಎರಡು ದಾರಿಯ ಸ್ಪ್ಲಿಟರ್ ಸೇರಿಸುವುದೂ ಒಂದೇ, 17-18 ಮೀಟರ್ ಕೇಬಲ್ ಜಾಸ್ತಿ ಎಳೆಯುವುದೂ ಒಂದೇ. ಟಿವಿ ಹಿಂದೆ ಸುಮ್ನೆ ಸುರುಳಿ ಸುತ್ತಿ ಇಟ್ಟ ಕೇಬಲ್ ಇದೆಯಲ್ಲ, ಅದನ್ನು ಕತ್ತರಿಸಿ ಅಳತೆಗೆ ತಂದರೆ ಸ್ಪ್ಲಿಟರ್ ತಿನ್ನುವುದರಲ್ಲಿ ಒಂದಿಷ್ಟು ವಾಪಸ್ ಬರುತ್ತದೆ. ಅದಕ್ಕಿಂತ ಕೆಳಗಿನ ಆವರ್ತನದ ವಿಎಚ್‌ಎಫ್ ಚಾನೆಲ್‌ಗಳಿಗೆ ಕೇಬಲ್ ನಷ್ಟ ಇದರ ಅರ್ಧದಷ್ಟು ಇರುತ್ತದೆ. ಉದ್ದ ಕೇಬಲ್ ಇರುವ ಕಡೆ ಮೊದಲು ಕೈಕೊಡುವುದು ಯುಎಚ್‌ಎಫ್ ಚಾನೆಲ್‌ಗಳೇ.

ಮಿಗತೆ ಅಳೆಯುವುದು ಹೇಗೆ

ಟಿವಿಯ ಮೆನುವಿನಲ್ಲಿ ಸಿಗ್ನಲ್ ತೋರಿಸುವ ಪಟ್ಟಿ ಇರುತ್ತದೆ, ಬಹುತೇಕ ಎರಡು: ಒಂದು ಬಲ, ಇನ್ನೊಂದು ಗುಣಮಟ್ಟ. ನೋಡಬೇಕಾದ್ದು ಗುಣಮಟ್ಟದ ಪಟ್ಟಿ. ಸಿಗ್ನಲ್ ಗದ್ದಲಕ್ಕಿಂತ, ಅಂದರೆ ಅದರ ಜೊತೆ ಬೆರೆತ ಬೇಡದ ವಿದ್ಯುತ್ ಸದ್ದಿಗಿಂತ (ನಾಯ್ಸ್), ಎಷ್ಟು ಮೇಲಿದೆ ಅನ್ನುವುದೇ ಇಲ್ಲಿ ಮುಖ್ಯ. ಅಮೆರಿಕದ ಎಟಿಎಸ್‌ಸಿ 1.0 ಪ್ರಸಾರಕ್ಕೆ ಅದು ಸುಮಾರು 15 ಡಿಬಿ ಬೇಕು. ಬೇರೆ ಹಲವು ದೇಶಗಳ ಡಿವಿಬಿ-ಟಿ ಪ್ರಸಾರದಲ್ಲಿ, ಪ್ರಸಾರದವರು ಆರಿಸಿದ ಸೆಟ್ಟಿಂಗ್ ಮೇಲೆ ಅದು 17ರಿಂದ 20ರ ತನಕ ಹೋಗುತ್ತದೆ. ಆದರೆ ಟಿವಿಯ ಪಟ್ಟಿಯಲ್ಲಿ ಕಾಣುವ ಶೇಕಡಾ ಲೆಕ್ಕ ಡಿಬಿ ಅಲ್ಲ, ಒಂದೊಂದು ಕಂಪನಿಯದ್ದು ಒಂದೊಂದು ತರ. ಹಾಗಾಗಿ ಈ ಟಿವಿಯ 70ನ್ನು ಆ ಟಿವಿಯ 70ರ ಜೊತೆ ಹೋಲಿಸಬೇಡಿ. ಅದೇ ಟಿವಿಯಲ್ಲಿ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ಮಾತ್ರ ನೋಡಿ.

ಪಟ್ಟಿಗಿಂತ ನಂಬಿಕೆಗೆ ತಕ್ಕ ಒಂದು ಪರೀಕ್ಷೆ ಇದೆ. ಒಂದು ಸಾದಾ ಎರಡು ದಾರಿಯ ಸ್ಪ್ಲಿಟರ್ ತಗೊಳ್ಳಿ. ಈಗ ಇರುವ ಒಂದೇ ಟಿವಿಗೆ ಅದರ ಮೂಲಕ ಕೇಬಲ್ ಕೊಡಿ. ಇನ್ನೊಂದು ಬಾಯಿಗೆ 75 ಓಮಿನ ಟರ್ಮಿನೇಟರ್ ಮುಚ್ಚಳ (ಖಾಲಿ ಬಾಯಿಯಿಂದ ಸಿಗ್ನಲ್ ಪ್ರತಿಫಲಿಸದಂತೆ ತಡೆಯುವ ಪುಟ್ಟ ಮುಚ್ಚಳ) ತಿರುಗಿಸಿ. ಈಗ ನಿಮ್ಮ ಚಾನೆಲ್‌ಗಳಲ್ಲಿ ಅತಿ ಸೊರಗಿದ್ದು ಯಾವುದೋ ಅದನ್ನು ಹಾಕಿ ಬಿಡಿ. ಹಗಲು, ರಾತ್ರಿ, ಗಾಳಿ ಮಳೆ ಇರುವಾಗ, ಎಲ್ಲ ಹೊತ್ತಲ್ಲೂ ನೋಡಿ. ಒಡೆಯದೇ ನಿಂತರೆ 3.5 ಡಿಬಿ ನಿಮ್ಮ ಹತ್ತಿರ ಮಿಗತೆ ಇದೆ ಅಂತಾಯಿತು. ಆಮೇಲೆ ಇನ್ನೊಂದು ಸ್ಪ್ಲಿಟರನ್ನು ಅದರ ಹಿಂದೆ ಸೇರಿಸಿ, ಅದರ ಖಾಲಿ ಬಾಯನ್ನೂ ಮುಚ್ಚಿ. ಈಗ 7 ಡಿಬಿ. ಇದಕ್ಕೂ ನಿಂತರೆ ನಾಲ್ಕು ದಾರಿಯ ಸ್ಪ್ಲಿಟರ್ ಕಣ್ಣು ಮುಚ್ಚಿ ಹಾಕಬಹುದು. ಎರಡು ಅಗ್ಗದ ಡಬ್ಬಿಯಲ್ಲಿ ಮುಗಿಯುವ ಕೆಲಸ ಇದು. ಬೂಸ್ಟರ್ ಕೊಂಡ ಮೇಲೆ ಬೇಕಿರಲಿಲ್ಲ ಅಂತ ಗೊತ್ತಾಗುವುದಕ್ಕಿಂತ ಎಷ್ಟೋ ವಾಸಿ, ಅಲ್ವಾ.

ಪರೀಕ್ಷೆ ಮಾಡುವ ಮುಂಚೆ ಕನೆಕ್ಟರ್‌ಗಳನ್ನು ಬಿಚ್ಚಿ ನೋಡಿ. ತಿರುಗಿಸಿ ಬಿಗಿಯುವ ಎಫ್ ಕನೆಕ್ಟರ್ ಆದರೆ ನಡುವಿನ ತಾಮ್ರದ ತಂತಿ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಹೊರಗೆ ಇಣುಕಬೇಕು, ನೆಟ್ಟಗಿರಬೇಕು, ಕಪ್ಪು ಹಿಡಿದಿರಬಾರದು. ಹೊರಗಿನ ಹೆಣೆದ ಜಾಲರಿಯ ಒಂದೇ ಒಂದು ಎಳೆ, ಕೂದಲಿಗಿಂತ ಸಣ್ಣದು, ಆ ತಂತಿಗೆ ತಾಗಿದರೂ ಸಿಗ್ನಲ್ ನೆಲ ಕಚ್ಚುತ್ತದೆ. ಬೈಸಿಕೊಳ್ಳುವುದು ಮಾತ್ರ ಸ್ಪ್ಲಿಟರ್. ಹೊರಗಿನ ಕನೆಕ್ಟರ್‌ನಲ್ಲಿ ಹಸಿರು ಪುಡಿ ಕಂಡರೆ ನೀರು ಹೋಗಿದೆ ಅಂತಲೇ ಅರ್ಥ. ಕೇಬಲ್ಲನ್ನು ಒಂದಿಷ್ಟು ಹಿಂದಕ್ಕೆ ಕತ್ತರಿಸಿ ಹೊಸ ಕನೆಕ್ಟರ್ ಹಾಕುವುದು ಬಿಟ್ಟು ಬೇರೆ ದಾರಿಯಿಲ್ಲ.

ಟಿ ಜಾಯಿಂಟ್: ಅತಿ ಅಗ್ಗ, ಅತಿ ಗೊಂದಲ

ಸ್ಪ್ಲಿಟರ್ ಅಂತಲೇ ಮಾರುವ, ಒಳಗೆ ಏನೂ ಇಲ್ಲದ ಟಿ ಆಕಾರದ ಜಾಯಿಂಟ್ ಇರುತ್ತದೆ. ಅಥವಾ ಕೇಬಲ್ ಸುಲಿದು ತಂತಿಗೆ ತಂತಿ ಸುತ್ತಿ ಟೇಪ್ ಹೊಡೆಯುವುದು. ಇದರಲ್ಲಿ ಒಂದು ತಮಾಷೆ ಇದೆ. ಲೆಕ್ಕ ಹಾಕಿದರೆ ಟಿ ಜಾಯಿಂಟಿನಲ್ಲೂ ಒಂದೊಂದು ಟಿವಿಗೆ ಹೋಗುವ ನಷ್ಟ ಸುಮಾರು 3.5 ಡಿಬಿಯೇ, ನಿಜವಾದ ಸ್ಪ್ಲಿಟರ್‌ನಷ್ಟೇ. ಹಾಗಾದರೆ ಅದನ್ನೇ ಹಾಕಿದರೆ ಏನು ತೊಂದರೆ? ಎರಡು 75 ಓಮಿನ ಕೇಬಲ್ ಒಟ್ಟಿಗೆ ಸೇರಿದರೆ 37.5 ಓಮ್ ಆಗುತ್ತದೆ, ಬರುವ ಸಿಗ್ನಲ್‌ನ ಒಂಬತ್ತನೇ ಒಂದು ಪಾಲು ಶಕ್ತಿ ಅಲ್ಲಿ ಡಿಕ್ಕಿ ಹೊಡೆದು ವಾಪಸ್ ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಎರಡು ಟಿವಿಗಳ ನಡುವೆ ತಡೆ ಇರುವುದಿಲ್ಲ. ಒಂದು ಟಿವಿಯ ಕೇಬಲ್ ಕಿತ್ತು ನೇತಾಡಲು ಬಿಟ್ಟರೆ ಅದರ ತುದಿಯಿಂದ ಪ್ರತಿಫಲಿಸಿದ ಸಿಗ್ನಲ್ ಸೀದಾ ಇನ್ನೊಂದು ಟಿವಿಗೆ ಹೋಗುತ್ತದೆ. ಆಗ ಕೆಲವು ಚಾನೆಲ್ ಚೊಕ್ಕ, ಕೆಲವು ಮಾಯ. ಯಾವುದು ಮಾಯ ಅನ್ನುವುದು ಕೇಬಲ್ಲಿನ ಉದ್ದದ ಮೇಲೆ. ತಲೆ ಕೆಡಿಸಿಕೊಳ್ಳಲು ಇದಕ್ಕಿಂತ ಒಳ್ಳೆ ಸಾಧನ ಇಲ್ಲ.

ನಿಜವಾದ ಸ್ಪ್ಲಿಟರ್ ಒಳಗೆ ಫೆರೈಟ್ ಅನ್ನುವ ಕಾಂತೀಯ ವಸ್ತುವಿನ ಪುಟ್ಟ ತುಂಡಿಗೆ ಸಣ್ಣ ತಂತಿ ಸುತ್ತಿರುತ್ತಾರೆ. ಎರಡು ಹೊರಬಾಯಿಗಳ ನಡುವೆ ಸಾಮಾನ್ಯವಾಗಿ 20 ಡಿಬಿ ಅಥವಾ ಅದಕ್ಕೂ ಮೇಲಿನ ತಡೆ ಸಿಗುವುದು ಆ ಸುತ್ತಿನಿಂದ. ನೀವು ದುಡ್ಡು ಕೊಡುವುದು ಅದಕ್ಕೆ. ಟಿ ಜಾಯಿಂಟ್ ಬೇಡ.

ಸಾದಾ ಸ್ಪ್ಲಿಟರ್

ಕರೆಂಟ್ ಬೇಡ, ಕೆಡುವಂಥದ್ದು ಒಳಗೆ ಏನೂ ಇಲ್ಲ, ಹಾಕಿ ಮರೆತುಬಿಡಬಹುದು. ಮಿಗತೆ ಇರುವವರಿಗೆ ನನ್ನ ಮೊದಲ ಆಯ್ಕೆ ಯಾವತ್ತೂ ಇದೇ. ಪ್ರಸಾರ ಗೋಪುರಕ್ಕೆ ಹತ್ತಿರ ಇರುವವರಿಗಂತೂ ಬೇರೇನೂ ಬೇಕಿಲ್ಲ.

ಕೊಳ್ಳುವಾಗ ಡಬ್ಬಿಯ ಮೇಲಿನ ಅಕ್ಷರ ಓದಿ. 5ರಿಂದ 1000 ಮೆಗಾಹರ್ಟ್ಸ್ ಅಂತ ಇದ್ದರೆ ಆ್ಯಂಟೆನಾಗೆ ಸರಿ. 950ರಿಂದ ಶುರುವಾಗುವುದು ಡಿಶ್‌ಗೆ, ಇಲ್ಲಿ ಕೆಲಸಕ್ಕೆ ಬಾರದು. 5ರಿಂದ 2400ರ ತನಕ ಅಂತ ಇರುವುದು ಕೆಲಸ ಮಾಡುತ್ತದೆ, ಆದರೆ ಆ ಅಗಲದಿಂದ ನಿಮಗೆ ಲಾಭ ಏನೂ ಇಲ್ಲ. ಚಿನ್ನದ ಬಣ್ಣದ ಲೇಪ, ದೊಡ್ಡ ಅಕ್ಷರದ 'ಎಚ್‌ಡಿ', '4ಕೆ' ಇವಕ್ಕೆಲ್ಲ ದುಡ್ಡು ಕೊಡಬೇಡಿ. ಸ್ಪ್ಲಿಟರಿಗೆ ಎಚ್‌ಡಿ ಯಾವುದು ಸಾದಾ ಯಾವುದು ಅಂತ ಗೊತ್ತೇ ಆಗುವುದಿಲ್ಲ. ಬಾಯಿ ಬಾಯಿಗೂ ನಷ್ಟ ಎಷ್ಟು ಅಂತ ಬರೆದಿದ್ದಾರಾ, ಲೋಹದ ಡಬ್ಬಿಯ ಹಿಂಬದಿ ಸರಿಯಾಗಿ ಮುಚ್ಚಿದೆಯಾ ನೋಡಿ, ಸಾಕು.

ಎರಡು ಟಿವಿಗೆ ಎರಡು ದಾರಿಯದ್ದೇ ತಗೊಳ್ಳಿ. 'ಮುಂದೆ ಬೇಕಾಗಬಹುದು' ಅಂತ ಎಂಟು ದಾರಿಯದ್ದು ತಂದರೆ ಆರು ಬಾಯಿ ಖಾಲಿ ಇದ್ದರೂ ನಷ್ಟ ಮಾತ್ರ ಎಂಟರದ್ದೇ. ಖಾಲಿ ಬಾಯಿಗೆ ಹೋಗುವ ಪಾಲು ಮಿಕ್ಕ ಟಿವಿಗೆ ತಿರುಗಿ ಬರುವುದಿಲ್ಲ. ಖಾಲಿ ಬಾಯಿ ಉಳಿದೇ ಉಳಿಯುತ್ತದೆ ಅಂದರೆ ಟರ್ಮಿನೇಟರ್ ಹಾಕಿ. ಹಾಕದಿದ್ದರೂ ಬಹಳ ಸಲ ನಡೆಯುತ್ತದೆ, ಆದರೆ ಅಂಚಿನಲ್ಲಿರುವ ಚಾನೆಲ್‌ಗೆ ಆ ಸಣ್ಣ ಪ್ರತಿಫಲನವೂ ಭಾರ.

ಮೂರು ಟಿವಿ ಇರುವವರಿಗೆ ಒಂದು ಅನುಕೂಲ ಇದೆ. ಮೂರು ದಾರಿಯ ಸ್ಪ್ಲಿಟರ್ ಎರಡು ತರ ಬರುತ್ತದೆ. ಸಮಪಾಲಿನದ್ದರಲ್ಲಿ ಮೂರಕ್ಕೂ 5.5ರಿಂದ 6 ಡಿಬಿ ನಷ್ಟ. ಅಸಮಪಾಲಿನದ್ದರಲ್ಲಿ ಒಂದು ಬಾಯಿಗೆ 3.5, ಮಿಕ್ಕ ಎರಡಕ್ಕೆ 7. ಒಂದು ಟಿವಿ ದೂರದಲ್ಲಿ, ಉಳಿದೆರಡು ಹತ್ತಿರ ಅನ್ನುವ ಮನೆಗೆ ಎರಡನೆಯದು ಹೇಳಿ ಮಾಡಿಸಿದ್ದು. ದೂರದ ಕೇಬಲ್ಲನ್ನು 3.5ರ ಬಾಯಿಗೆ ಕೊಡಿ. ಇದನ್ನೇ ಇನ್ನೂ ಮುಂದಕ್ಕೆ ಒಯ್ದರೆ ಟ್ಯಾಪ್ ಅನ್ನುವ ಡಬ್ಬಿ ಸಿಗುತ್ತದೆ. ಅದರಲ್ಲಿ 12 ಡಿಬಿಯದ್ದಾದರೆ ನೇರ ಹೋಗುವ ದಾರಿಯಲ್ಲಿ 1 ಡಿಬಿಯಷ್ಟೇ ನಷ್ಟ, ಪಕ್ಕಕ್ಕೆ ತೆಗೆದ ಟಿವಿಗೆ ಮಾತ್ರ 12. ಸಿಗ್ನಲ್ ಚೆನ್ನಾಗಿದ್ದು ಕೇಬಲ್ ಮಾತ್ರ ಬಹಳ ಉದ್ದ ಇರುವ ಕಡೆ ಇದು ಉಪಯೋಗ. ಸಾಮಾನ್ಯ ಮನೆಗೆ ಅಪರೂಪ.

ಬೂಸ್ಟರ್: ಎಲ್ಲಿ ಕೂರಿಸುತ್ತೀರಿ ಅನ್ನುವುದೇ ವಿಷಯ

ಪರೀಕ್ಷೆಯಲ್ಲಿ ಚಾನೆಲ್ ಒಡೆಯಿತು ಅಂತಿಟ್ಟುಕೊಳ್ಳಿ. ಆಗ ಬೂಸ್ಟರ್ ಮಾತು ಬರುತ್ತದೆ. ಬೂಸ್ಟರ್ ಕುರಿತು ಒಂದು ತಪ್ಪು ನಂಬಿಕೆ ಬಹಳ ಇದೆ. ಕಳೆದು ಹೋದ ಸಿಗ್ನಲ್ಲನ್ನು ಅದು ವಾಪಸ್ ತರುತ್ತದೆ ಅಂತ. ತರುವುದಿಲ್ಲ. ಮಸುಕಾದ ಜೆರಾಕ್ಸ್ ಪ್ರತಿಯನ್ನು ದೊಡ್ಡದು ಮಾಡಿದರೆ ಅಕ್ಷರವೂ ದೊಡ್ಡದಾಗುತ್ತದೆ, ಕಲೆಯೂ ದೊಡ್ಡದಾಗುತ್ತದೆ. ಬೂಸ್ಟರ್ ಮಾಡುವುದೂ ಅಷ್ಟೇ. ಜೊತೆಗೆ ತನ್ನದೂ ಒಂದಿಷ್ಟು ಗದ್ದಲ ಸೇರಿಸುತ್ತದೆ. ಟಿವಿಯ ಬೆನ್ನಿಗೆ ಬೂಸ್ಟರ್ ಹಾಕಿದಾಗ ಬಲದ ಪಟ್ಟಿ ಏರಿ, ಚಿತ್ರ ಮಾತ್ರ ಹಾಗೇ ಒಡೆಯುತ್ತಿರುವುದು ಇದರಿಂದಲೇ.

ಹಾಗಾದರೆ ಅದರ ಉಪಯೋಗ ಏನು? ಮುಂದೆ ಆಗಲಿರುವ ನಷ್ಟವನ್ನು ಮೊದಲೇ ತುಂಬಿಕೊಡುವುದು. ಸಿಗ್ನಲ್ ಇನ್ನೂ ಚೊಕ್ಕವಾಗಿರುವಾಗ, ಅಂದರೆ ಕೇಬಲ್ ಮತ್ತು ಸ್ಪ್ಲಿಟರ್ ತಿನ್ನುವ ಮುಂಚೆ, ಅದನ್ನು ಎತ್ತಬೇಕು. ಆದಷ್ಟು ಆ್ಯಂಟೆನಾ ಹತ್ತಿರ.

ಒಂದು ಲೆಕ್ಕ ಮಾಡೋಣ, ಆಗ ಎರಡು ತರದ ಬೂಸ್ಟರ್ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಆ್ಯಂಟೆನಾದಿಂದ 20 ಮೀಟರ್ ಕೇಬಲ್, ಅಲ್ಲಿ ನಾಲ್ಕು ದಾರಿಯ ಸ್ಪ್ಲಿಟರ್, ಅಲ್ಲಿಂದ ಒಂದೊಂದು ಟಿವಿಗೆ 10 ಮೀಟರ್. ಟಿವಿಯ ಟ್ಯೂನರ್, ಅಂದರೆ ಚಾನೆಲ್ ಹಿಡಿಯುವ ಭಾಗ, ತಾನೇ ಸೇರಿಸುವ ಗದ್ದಲ 7 ಡಿಬಿ ಅಂತ ಹಿಡಿಯೋಣ. ದಾರಿಯ ನಷ್ಟ ಮತ್ತು ಸೇರುವ ಗದ್ದಲ ಎರಡೂ ಸೇರಿದ್ದನ್ನು ಹೊರೆ ಅನ್ನೋಣ, ಅದು ಕಮ್ಮಿ ಇದ್ದಷ್ಟೂ ಒಳ್ಳೆಯದು. ಹಂಚದೇ ಒಂದೇ ಟಿವಿಗೆ ಕೊಟ್ಟಾಗ ಕೇಬಲ್ಲಿನ 6, ಟ್ಯೂನರಿನ 7 ಸೇರಿ ಒಟ್ಟು ಹೊರೆ 13 ಡಿಬಿ. ಸಾದಾ ನಾಲ್ಕು ದಾರಿಯ ಸ್ಪ್ಲಿಟರ್ ಹಾಕಿದರೆ ಅದರ 7.5 ಸೇರಿ 20.5ಕ್ಕೆ ಏರುತ್ತದೆ. ಈಗ ಸ್ಪ್ಲಿಟರ್ ಜಾಗದಲ್ಲಿ ಬೂಸ್ಟರ್ ಸೇರಿದ ಸ್ಪ್ಲಿಟರ್ ಹಾಕಿ, ಒಳಗೆ 15 ಡಿಬಿ ಎತ್ತುವಂಥದ್ದು, ಅದರ ಸ್ವಂತ ಗದ್ದಲ 4. ಬೂಸ್ಟರ್ ಎತ್ತಿದ ಮೇಲೆ ಅದರಾಚೆಯ ನಷ್ಟದ ಭಾರ ಕಮ್ಮಿ, ಹಾಗಾಗಿ ಇಲ್ಲಿ ನೇರ ಕೂಡಿಸುವ ಲೆಕ್ಕ ನಡೆಯುವುದಿಲ್ಲ: ಹೊರೆ ಸುಮಾರು 10ಕ್ಕೆ ಇಳಿಯುತ್ತದೆ. ಅದರ ಬದಲು ಆ್ಯಂಟೆನಾ ಕಂಬದಲ್ಲೇ 20 ಡಿಬಿಯ, 2 ಡಿಬಿ ಗದ್ದಲದ ಬೂಸ್ಟರ್ ಕೂರಿಸಿ ಕೆಳಗೆ ಸಾದಾ ಸ್ಪ್ಲಿಟರ್ ಉಳಿಸಿಕೊಂಡರೆ? ನಾಲ್ಕೂವರೆಯ ಹತ್ತಿರ ಬರುತ್ತದೆ. ಮುಂಚೆ ಒಂದೇ ಟಿವಿ ಇದ್ದಾಗ 13 ಇತ್ತಲ್ಲ, ಈಗ ನಾಲ್ಕು ಟಿವಿಗೂ ಅದಕ್ಕಿಂತ ಚೆನ್ನಾಗಿ ಸಿಗುತ್ತದೆ!

ಆದರೆ ಕಂಬದ ಬೂಸ್ಟರ್ ಹಾಕಲು ಮೇಲೆ ಹತ್ತಬೇಕು. ಮಳೆ ಬಿಸಿಲಿಗೆ ಅದು ನಿಂತಿರಬೇಕು. ಕೆಟ್ಟರೆ ಮತ್ತೆ ಹತ್ತಬೇಕು. ಹತ್ತಲು ಆಗದವರಿಗೆ, ಅಥವಾ ಆ್ಯಂಟೆನಾದಿಂದ ಸ್ಪ್ಲಿಟರ್ ತನಕ ಕೇಬಲ್ ಐದಾರು ಮೀಟರ್ ಮಾತ್ರ ಇರುವವರಿಗೆ ಬೂಸ್ಟರ್ ಸೇರಿದ ಸ್ಪ್ಲಿಟರೇ ಸುಲಭ. ಅಷ್ಟು ಗಿಡ್ಡ ಕೇಬಲ್ ಇದ್ದಾಗ ಎರಡರ ನಡುವಿನ ವ್ಯತ್ಯಾಸವೂ ಕಮ್ಮಿಯಾಗುತ್ತದೆ.

ಕಂಬದ ಬೂಸ್ಟರಿಗೆ ಕರೆಂಟ್ ಅದೇ ಕೇಬಲ್ಲಿನಲ್ಲಿ ಹೋಗುತ್ತದೆ. ಒಳಗೆ ಒಂದು ಅಡಾಪ್ಟರ್, ಜೊತೆಗೆ ಕೇಬಲ್ಲಿಗೆ ಕರೆಂಟ್ ಸೇರಿಸುವ ಪುಟ್ಟ ಡಬ್ಬಿ ಇರುತ್ತದೆ. ಜನ ಎಡವುವುದು ಇಲ್ಲಿ. ಆ ಡಬ್ಬಿಯನ್ನು ಟಿವಿ ಹತ್ತಿರ ಇಟ್ಟು, ನಡುವೆ ಸಾದಾ ಸ್ಪ್ಲಿಟರ್ ಹಾಕಿದರೆ ಕರೆಂಟ್ ಸ್ಪ್ಲಿಟರಿನಲ್ಲೇ ನಿಲ್ಲುತ್ತದೆ, ಬೂಸ್ಟರ್ ಸತ್ತಂತೆ ಇರುತ್ತದೆ, ಎಲ್ಲ ಚಾನೆಲ್ ಹೋಗುತ್ತದೆ. ಕರೆಂಟಿಲ್ಲದ ಬೂಸ್ಟರ್ ಸಿಗ್ನಲ್ಲನ್ನು ಸುಮ್ನೆ ದಾಟಿಸುವುದಿಲ್ಲ, ತಡೆಯುತ್ತದೆ. ಡಬ್ಬಿಯನ್ನು ಸ್ಪ್ಲಿಟರಿಗಿಂತ ಮುಂಚೆ, ಆ್ಯಂಟೆನಾ ಕಡೆಗೆ ಇಡಿ. ಆಗದಿದ್ದರೆ 'ಡಿಸಿ ಪಾಸ್' ಅಂತ ಬರೆದ ಸ್ಪ್ಲಿಟರ್ ತಂದು, ಆ ಗುರುತಿರುವ ಬಾಯಿಯ ಮೂಲಕವೇ ಕರೆಂಟ್ ಕಳಿಸಿ. ಮನೆಯೊಳಗಿನ ಚಪ್ಪಟೆ ಆ್ಯಂಟೆನಾಗಳ ಯುಎಸ್‌ಬಿ ಬೂಸ್ಟರಿಗೂ ಇದೇ ನಿಯಮ. ಕೆಲವು ಸೆಟ್‌ಟಾಪ್ ಬಾಕ್ಸ್‌ಗಳು ಆ್ಯಂಟೆನಾಗೆ ತಾವೇ 5 ವೋಲ್ಟ್ ಕೊಡುತ್ತವೆ, ಮೆನುವಿನಲ್ಲಿ ಆಯ್ಕೆ ಇರುತ್ತದೆ. ಹಂಚಿದ ಮೇಲೆ ಅದು ಒಂದು ಬಾಕ್ಸಿನಲ್ಲಿ ಮಾತ್ರ ಆನ್ ಇರಲಿ, ಬೂಸ್ಟರ್ ಇಲ್ಲದಿದ್ದರೆ ಎಲ್ಲದರಲ್ಲೂ ಆಫ್.

ಇನ್ನು ಬೂಸ್ಟರ್ ಹಾಕಬಾರದ ಜಾಗ. ಗೋಪುರ ಹತ್ತಿರ ಇದ್ದರೆ ಸಿಗ್ನಲ್ ಮೊದಲೇ ಜೋರು. ಅದನ್ನು ಇನ್ನೂ ಎತ್ತಿದರೆ ಬೂಸ್ಟರ್ ಉಸಿರು ಕಟ್ಟಿ ಒಂದು ಚಾನೆಲ್ಲನ್ನು ಇನ್ನೊಂದಕ್ಕೆ ಬೆರೆಸಿಬಿಡುತ್ತದೆ. ಬೂಸ್ಟರ್ ಹಾಕಿದ ಮೇಲೆ ಚೆನ್ನಾಗಿ ಬರುತ್ತಿದ್ದ ಚಾನೆಲ್ಲೇ ಹೋಯಿತು ಅಂದರೆ ಅನುಮಾನ ಇದರ ಮೇಲೇ ಇರಲಿ. ಪಕ್ಕದಲ್ಲಿ ಮೊಬೈಲ್ ಟವರ್ ಅಥವಾ ಎಫ್‌ಎಂ ಪ್ರಸಾರ ಕೇಂದ್ರ ಇದ್ದರೂ ಹೀಗಾಗಬಹುದು. ಅಂಥಲ್ಲಿ 4ಜಿ, 5ಜಿ ಮತ್ತು ಎಫ್‌ಎಂ ಫಿಲ್ಟರ್ ಇರುವ ಬೂಸ್ಟರ್ ತಗೊಳ್ಳಿ. 30 ಡಿಬಿ, 40 ಡಿಬಿ ಅಂತ ದೊಡ್ಡ ಅಂಕಿ ನೋಡಿ ಮರುಳಾಗಬೇಡಿ. ನಾಲ್ಕು ಟಿವಿಯ ಮನೆಗೆ 15ರಿಂದ 20 ಧಾರಾಳ. ಎತ್ತುವ ಅಂಕಿಗಿಂತ 'ನಾಯ್ಸ್ ಫಿಗರ್', ಅಂದರೆ ಬೂಸ್ಟರ್ ತಾನೇ ಸೇರಿಸುವ ಗದ್ದಲದ ಅಂಕಿ, ಕಮ್ಮಿ ಇರುವುದನ್ನು ಆರಿಸಿ. ಅದನ್ನು ಬರೆಯದೇ ಬಿಟ್ಟ ಬೂಸ್ಟರನ್ನು ನಾನಂತೂ ಕೊಳ್ಳುವುದಿಲ್ಲ.

ಬಲದ ಪಟ್ಟಿ ತುಂಬಿದೆ, ಗುಣಮಟ್ಟದ ಪಟ್ಟಿ ಮಾತ್ರ ಕುಣಿಯುತ್ತಿದೆ ಅನ್ನುವವರಿಗೆ ಬೂಸ್ಟರೂ ಬೇಡ, ಬೇರೆ ಸ್ಪ್ಲಿಟರೂ ಬೇಡ. ಕಟ್ಟಡಕ್ಕೋ ಗುಡ್ಡಕ್ಕೋ ತಾಗಿ ಅದೇ ಸಿಗ್ನಲ್ ಎರಡೆರಡು ದಾರಿಯಲ್ಲಿ ಬರುತ್ತಿರಬಹುದು. ಆ್ಯಂಟೆನಾವನ್ನು ಸ್ವಲ್ಪ ತಿರುಗಿಸಿ, ಒಂದಡಿ ಆಚೆ ಈಚೆ ಸರಿಸಿ ನೋಡಿ. ಖರ್ಚಿಲ್ಲದ ಕೆಲಸ.

ಇನ್ನೊಂದು ಆ್ಯಂಟೆನಾ, ಇಲ್ಲವೇ ವೈಫೈ

ಎರಡನೇ ಟಿವಿ ಮನೆಯ ಇನ್ನೊಂದು ತುದಿಯಲ್ಲಿದೆ, ಕೇಬಲ್ ಎಳೆಯಲು ಗೋಡೆ ಕೊರೆಯಬೇಕು, ಕೊರೆಯಲು ಬಿಡುವುದಿಲ್ಲ. ಇಂಥವರು ಸ್ಪ್ಲಿಟರ್ ಬಿಟ್ಟು ಅಲ್ಲೇ ಕಿಟಕಿಗೆ ಒಂದು ಸಣ್ಣ ಆ್ಯಂಟೆನಾ ಅಂಟಿಸಿ ನೋಡಬಹುದು. ಸಿಗ್ನಲ್ ಜೋರಿರುವ ಜಾಗದಲ್ಲಿ ಇದು ಅತಿ ಸರಳ, ಒಂದು ಟಿವಿ ಇನ್ನೊಂದರ ಪಾಲು ಕೇಳುವುದೇ ಇಲ್ಲ. ಸಿಗ್ನಲ್ ಕಮ್ಮಿ ಇರುವ ಕಡೆ ಇದು ಸೋಲುತ್ತದೆ. ಛಾವಣಿ ಮೇಲಿನ ಆ್ಯಂಟೆನಾಗೇ ಕಷ್ಟಪಟ್ಟು ಸಿಗುತ್ತಿರುವುದು ಗೋಡೆಯ ಒಳಗಿನ ಹಾಳೆಗೆ ಎಲ್ಲಿಂದ ಸಿಗಬೇಕು? ಎರಡು ಆ್ಯಂಟೆನಾ ಇದೆ ಅಂತ ಸ್ಪ್ಲಿಟರನ್ನು ಉಲ್ಟಾ ಹಾಕಿ ಎರಡನ್ನೂ ಸೇರಿಸುವ ಸಾಹಸಕ್ಕೂ ಹೋಗಬೇಡಿ. ಒಂದೇ ಚಾನೆಲ್ ಎರಡೂ ಕಡೆಯಿಂದ ಹೆಜ್ಜೆ ತಪ್ಪಿ ಬಂದು ಒಂದನ್ನೊಂದು ಕೆಡಿಸುವುದೇ ಜಾಸ್ತಿ.

ನೆಟ್‌ವರ್ಕ್ ಟ್ಯೂನರ್ ಅನ್ನುವುದು ಬೇರೆಯದೇ ದಾರಿ. ಎಚ್‌ಡಿಹೋಮ್‌ರನ್ ಇದರಲ್ಲಿ ಹೆಸರಾದದ್ದು. ಆ್ಯಂಟೆನಾ ಕೇಬಲ್ ಒಂದು ಡಬ್ಬಿಗೆ, ಡಬ್ಬಿ ರೂಟರಿಗೆ, ಅಲ್ಲಿಂದ ಮನೆಯ ನೆಟ್‌ವರ್ಕಿನಲ್ಲಿ ಟಿವಿ, ಫೋನು, ಟ್ಯಾಬ್ ಎಲ್ಲಕ್ಕೂ. ಸಿಗ್ನಲ್ ಒಂದು ಸಲ ಡಿಜಿಟಲ್ ಅಂಕಿಯಾಗಿ ಒಳಗೆ ಬಂತು ಅಂದರೆ ಆಮೇಲೆ ಎಷ್ಟು ಕಡೆಗೆ ಕಳಿಸಿದರೂ ಡಿಬಿ ಲೆಕ್ಕ ಇಲ್ಲ. ಇಂಟರ್‌ನೆಟ್ ಡೇಟಾ ಖರ್ಚಾಗುವುದಿಲ್ಲ, ಎಲ್ಲ ಮನೆಯೊಳಗೇ. ಒಳಗೆ ಎರಡು ಟ್ಯೂನರ್ ಇದ್ದರೆ ಒಂದೇ ಹೊತ್ತಿಗೆ ಎರಡು ಬೇರೆ ಬೇರೆ ಚಾನೆಲ್, ನಾಲ್ಕಿದ್ದರೆ ನಾಲ್ಕು. ತೊಂದರೆಗಳೂ ಇವೆ. ಇಲ್ಲಿ ನೋಡಿದ ದಾರಿಗಳಲ್ಲಿ ದುಬಾರಿ ಇದೇ. ಎಟಿಎಸ್‌ಸಿ 1.0ರ ಒಂದು ಪೂರ್ತಿ ಚಾನೆಲ್ ಅಂದರೆ ಸೆಕೆಂಡಿಗೆ 19 ಮೆಗಾಬಿಟ್ ದಾಟುತ್ತದೆ, ವೈಫೈ ಸೊರಗಿದ ಕೋಣೆಯಲ್ಲಿ ಚಿತ್ರ ತಡವರಿಸುತ್ತದೆ. ಟಿವಿಯ ರಿಮೋಟಿನಲ್ಲಿ ನಂಬರ್ ಒತ್ತಿ ಚಾನೆಲ್ ಬದಲಿಸಿ ಅಭ್ಯಾಸ ಆದ ಹಿರಿಯರಿಗೆ ಆ್ಯಪ್ ತೆರೆಯುವುದು ಕಿರಿಕಿರಿ. ಪ್ರಸಾರ ಕೆಲವು ಸೆಕೆಂಡ್ ತಡವಾಗುತ್ತದೆ. ಪಕ್ಕದ ಕೋಣೆಯಲ್ಲಿ ಪಂದ್ಯ ನೋಡುತ್ತಿರುವವರು ಮೊದಲು ಕೂಗುತ್ತಾರೆ, ನಿಮಗೆ ಆಮೇಲೆ ಕಾಣುತ್ತದೆ.

ಎಲ್ಲ ಟಿವಿಯಲ್ಲೂ ಒಂದೇ ಚಾನೆಲ್ ಓಡಿದರೆ ಸಾಕು, ಉದಾಹರಣೆಗೆ ಕಾಯುವ ಕೋಣೆಗಳಲ್ಲಿ, ಅಂಥಲ್ಲಿ ಒಂದೇ ಸೆಟ್‌ಟಾಪ್ ಬಾಕ್ಸ್ ಇಟ್ಟು ಎಚ್‌ಡಿಎಂಐ ಸ್ಪ್ಲಿಟರ್ ಹಾಕಬಹುದು. ಮನೆಗೆ ಇದು ಹೊಂದುವುದಿಲ್ಲ.

ಡಿಶ್ ಇರುವವರಿಗೆ ಒಂದು ಮಾತು. ಮೇಲಿನದ್ದು ಯಾವುದೂ ನಿಮಗಲ್ಲ. ಡಿಶ್‌ನ ಮುಂದೆ ತೋಳಿನ ಮೇಲಿರುವ ಸಿಗ್ನಲ್ ಹಿಡಿಯುವ ಡಬ್ಬಿಗೆ, ಅಂದರೆ ಎಲ್‌ಎನ್‌ಬಿಗೆ, ಬಾಕ್ಸ್ 13 ಅಥವಾ 18 ವೋಲ್ಟ್ ಕಳಿಸಿ ಯಾವ ಚಾನೆಲ್ ಗುಂಪು ಬೇಕು ಅಂತ ಹೇಳುತ್ತದೆ. ಎರಡು ಬಾಕ್ಸ್ ಒಂದೇ ಕೇಬಲ್ಲಿನಲ್ಲಿ ಬೇರೆ ಬೇರೆ ಹೇಳಿದರೆ ಒಂದರ ಮಾತು ನಡೆಯುವುದಿಲ್ಲ. ಎರಡು ಬಾಯಿಯ ಎಲ್‌ಎನ್‌ಬಿ, ಅಥವಾ ಒಂದೊಂದು ಬಾಕ್ಸಿಗೂ ಅದು ಕೇಳಿದ ಗುಂಪನ್ನು ಕೊಡುವ ಮಲ್ಟಿಸ್ವಿಚ್ ಬೇಕು.

ಯಾರಿಗೆ ಯಾವುದು

ಎರಡು ಟಿವಿ, ಪರೀಕ್ಷೆಯಲ್ಲಿ ಒಂದು ಸ್ಪ್ಲಿಟರಿಗೆ ಚಿತ್ರ ಅಲುಗಾಡಲಿಲ್ಲ: ಆ ಪರೀಕ್ಷೆಗೆ ತಂದ ಸ್ಪ್ಲಿಟರನ್ನೇ ಅಲ್ಲೇ ಬಿಡಿ, ಟರ್ಮಿನೇಟರ್ ತೆಗೆದು ಎರಡನೇ ಟಿವಿ ಸೇರಿಸಿ, ಮುಗಿಯಿತು. ಮೂರು ನಾಲ್ಕು ಟಿವಿ, ಎರಡು ಸ್ಪ್ಲಿಟರಿಗೂ ನಿಂತಿತು: ಸಾದಾ ಮೂರು ಅಥವಾ ನಾಲ್ಕು ದಾರಿಯದ್ದು. ಒಂದಕ್ಕೆ ನಿಂತು ಎರಡನೆಯದಕ್ಕೆ ಒಡೆಯಿತು, ಟಿವಿ ಮೂರಿದೆ, ಅದರಲ್ಲಿ ಮುಖ್ಯವಾದದ್ದು ಒಂದೇ ಅಂದರೆ ಅಸಮಪಾಲಿನ ಮೂರು ದಾರಿಯದ್ದರ 3.5ರ ಬಾಯನ್ನು ಮುಖ್ಯ ಟಿವಿಗೆ ಕೊಟ್ಟು, ಮಿಕ್ಕ ಎರಡರಲ್ಲಿ ಆ ಒಂದು ಸೊರಗಿದ ಚಾನೆಲ್ ಹೋದರೆ ಹೋಗಲಿ ಅಂತ ಒಪ್ಪಿಕೊಳ್ಳಬಹುದು. ದುಡ್ಡು ಉಳಿಯುತ್ತದೆ. ಒಪ್ಪಲಾಗದಿದ್ದರೆ ಬೂಸ್ಟರ್ ಸೇರಿದ ಸ್ಪ್ಲಿಟರ್.

ಮೊದಲ ಸ್ಪ್ಲಿಟರಿಗೇ ಒಡೆದವರು ಬೂಸ್ಟರಿಗಿಂತ ಮುಂಚೆ ಆ್ಯಂಟೆನಾ ಕಡೆ ನೋಡಿ. ಕನೆಕ್ಟರ್ ಬದಲಿಸಿ, ಆ್ಯಂಟೆನಾ ದಿಕ್ಕು ಸರಿಮಾಡಿ, ಆಗುವುದಾದರೆ ಇನ್ನೂ ಎತ್ತರಕ್ಕೆ ಏರಿಸಿ. ಆಮೇಲೂ ಸಾಲದಿದ್ದರೆ ದುಡ್ಡನ್ನು ಕಂಬದ ಬೂಸ್ಟರಿಗೆ ಹಾಕಿ, ಕೆಳಗೆ ಸಾದಾ ಸ್ಪ್ಲಿಟರ್ ಸಾಕು. ಆ್ಯಂಟೆನಾ ಹತ್ತಿರವೇ ಚಾನೆಲ್ ಒಡೆಯುತ್ತಿದ್ದರೆ, ಅಂದರೆ ಗಿಡ್ಡ ಕೇಬಲ್ಲಿನಲ್ಲಿ ಒಂದು ಟಿವಿಗೆ ನೇರ ಕೊಟ್ಟರೂ ನಿಲ್ಲದಿದ್ದರೆ, ಬೂಸ್ಟರಿನಿಂದಲೂ ಹೆಚ್ಚೇನೂ ಬದಲಾಗುವುದಿಲ್ಲ. ಅಲ್ಲಿ ಬೇಕಿರುವುದು ಇನ್ನೂ ದೊಡ್ಡ ಆ್ಯಂಟೆನಾ. ಹಂಚುವ ಮಾತು ಅದು ಬಂದ ಮೇಲೆ.